ಮುಟ್ಟದ ತಂತಿ

ಜುಲೈ ಎರಡು, ಬುಧವಾರ ಸಂಜೆ ನಮ್ಮ ಟೀಚರ್ ನನ್ನ ಪಿಟೀಲಿನ ತಂತಿಗಳ ಕೆಳಗಿನ ಹಲಗೆಗೆ ಅಂಟಿಸಿದ್ದ ಮೂರು ಬಿಳಿ ಪಟ್ಟಿಗಳನ್ನು ಉಗುರಿನಿಂದ ಎಬ್ಬಿಸಿ ಕಿತ್ತುಬಿಟ್ಟರು. ಮೊದಲ ಎರಡು ಸಲೀಸಾಗಿ ಬಂದವು. ಮೂರನೆಯದು ಅರ್ಧಕ್ಕೆ ಹರಿದು ಅಂಟು ಉಳಿಯಿತು. ಅದನ್ನು ಸೆರಗಿನ ತುದಿಯಿಂದ ಉಜ್ಜುತ್ತಾ ಕೇಳಿದರು.

"ಹೊಸಬರು ಅಂತ ಇಷ್ಟು ದಿನ ಬಿಟ್ಟಿದ್ದೆ. ಇದನ್ನ ಯಾರು ಹಾಕಿಕೊಟ್ಟಿದ್ದು?"

"ನಾನ ಹಾಕ್ಕೊಂಡೇನ್ರಿ."

"ಅಳತೆ ತಗೊಂಡು?"

"ಹೌದ್ರಿ. ಸ್ಕೇಲ್ ಇಟ್ಟು."

ಅವರು ಪಟ್ಟಿಗಳನ್ನು ಮುದುರಿ ನನ್ನ ಅಂಗೈಯಲ್ಲಿ ಇಟ್ಟರು. "ಈಗ ಸ ರಿ ಗ ಮ ನುಡಿಸಿ."

ಸ ನುಡಿಸುವುದಕ್ಕೆ ಎಡಗೈ ಬೇಕಿಲ್ಲ, ತಂತಿಯನ್ನು ಹಾಗೇ ಬಿಟ್ಟು ಕಮಾನು ಎಳೆದರೆ ಸಾಕು. ಅದು ಬಂತು. ರಿ ಹೆಚ್ಚು ಕಡಿಮೆ ಬಂತು. ಗ ಎಲ್ಲಿದೆ ಎಂದು ನನ್ನ ನಡುಬೆರಳಿಗೆ ಗೊತ್ತಾಗಲಿಲ್ಲ. ಕತ್ತಲಲ್ಲಿ ಸ್ವಿಚ್ ಹುಡುಕುವ ಹಾಗೆ ಅದು ಹಲಗೆಯ ಮೇಲೆ ಒಮ್ಮೆ ಮುಂದೆ ಒಮ್ಮೆ ಹಿಂದೆ ಹೋಯಿತು. ಮಕ್ಕಳೆಲ್ಲ ಕಮಾನು ನಿಲ್ಲಿಸಿ ನೋಡುತ್ತಿದ್ದರು. ಕ್ಲಾಸಿನಲ್ಲಿ ನನ್ನನ್ನು ಬಿಟ್ಟರೆ ಉಳಿದವರೆಲ್ಲ ಪ್ರೈಮರಿ ಸ್ಕೂಲಿನವರು. ಎರಡು ಜಡೆಯ ಹುಡುಗಿಯೊಬ್ಬಳು ತುಟಿ ಕಚ್ಚಿ ನಗು ತಡೆದುಕೊಂಡಳು.

"ಇಷ್ಟು ದಿನ ಕಣ್ಣಲ್ಲಿ ನುಡಿಸ್ತಿದ್ರಿ ನೀವು," ಎಂದರು ಟೀಚರ್. ಅವರಿಗೆ ಕೋಪ ಬಂದಿರಲಿಲ್ಲ, ಜ್ವರ ನೋಡಿ ಇಷ್ಟಿದೆ ಅನ್ನುವ ಹಾಗೆ ಹೇಳಿದರು. "ಇನ್ನು ಕಿವೀಲಿ ಶುರು ಮಾಡಿ. ನವರಾತ್ರೀಲಿ ಗೊಂಬೆ ಮುಂದೆ ಎಲ್ಲಾ ಸಾಲಾಗಿ ಕೂತು ಜಂಟಿ ವರಸೆ, ಒಂದು ಗೀತೆ ನುಡಿಸ್ತಾರೆ. ನೀವೂ ಕೂರಬೇಕು ಅಂತಿದ್ರೆ ಹಲಗೆ ಮೇಲೆ ಏನೂ ಇರಬಾರ್ದು. ಒಂದು ವಾರ ಮುಂಚೆ ಕೇಳ್ತೀನಿ. ಸರಿಯಿದ್ರೆ ಕೂರಿಸ್ತೀನಿ. ಇಲ್ದಿದ್ರೆ ಉಸಲಿ ತಿಂದ್ಕೊಂಡು ಆರಾಮಾಗಿ ಕೇಳಿ."

ಮಕ್ಕಳು ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ವಾಪಸ್ ಬರುವಾಗ ಆ ಮೂರು ಪಟ್ಟಿಗಳು ಇನ್ನೂ ಅಂಗೈಯಲ್ಲೇ ಇದ್ದವು. ಬೆವರಿಗೆ ಅಂಟಿಕೊಂಡಿದ್ದವು.

ಅವು ನಮ್ಮ ಲ್ಯಾಬಿನ ಲೇಬಲ್‌ಗಳಿಂದ ಕತ್ತರಿಸಿದ ಪಟ್ಟಿಗಳು. ಜಯನಗರದ ಒಂದು ರಕ್ತಪರೀಕ್ಷೆ ಕೇಂದ್ರದಲ್ಲಿ ನನ್ನ ಕೆಲಸ. ರಕ್ತ ತುಂಬಿದ ಟ್ಯೂಬಿಗೆ ನಂಬರಿನ ಲೇಬಲ್ ಅಂಟಿಸಿ ಕಂಪ್ಯೂಟರಿಗೆ ಸೇರಿಸುವುದು. ದಿನವಿಡೀ ಜನ ಎದುರು ಬಂದು ನಿಲ್ಲುತ್ತಾರೆ. ಹೆಸರೇನು, ವಯಸ್ಸೆಷ್ಟು, ಬರಿ ಹೊಟ್ಟೇಲಿ ಬಂದಿದ್ದೀರಾ. ಈ ಮೂರು ಪ್ರಶ್ನೆಗಳಾಚೆ ಯಾರ ಹತ್ತಿರವೂ ಏನೂ ಕೇಳುವುದಿಲ್ಲ, ಅವರೂ ಕೇಳುವುದಿಲ್ಲ. ಊರು ಗದಗ ಬಿಟ್ಟು ಬಂದ ಮೇಲೆ ಒಂದು ಅಭ್ಯಾಸ ಮಾಡಿಕೊಂಡಿದ್ದೆ. ಡೈರಿಯ ಪುಟದ ಬಲ ಮೂಲೆಯಲ್ಲಿ, ಆ ಮೂರು ಪ್ರಶ್ನೆ ಬಿಟ್ಟು ಅವತ್ತು ಎಷ್ಟು ಜನರ ಹತ್ತಿರ ಮಾತಾಡಿದೆ ಎಂದು ಬರೆಯುವುದು. ಫೋನಿನಲ್ಲಿ ಅವ್ವನ ಜೊತೆ ಆಡಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಎದುರಿಗೆ ಇರಬೇಕು, ಅದು ನಿಯಮ. ಒಂದು, ಎರಡು, ಒಂದು. ಭಾನುವಾರ ಎಷ್ಟೋ ಸಲ ಸೊನ್ನೆ. ಏನನ್ನಾದರೂ ಎಣಿಸಿದರೆ ಅದು ಹತೋಟಿಯಲ್ಲಿದೆ ಅನ್ನಿಸುತ್ತಿತ್ತು.

ಪಿಟೀಲು ಶುರುವಾಗಿದ್ದು ಫೆಬ್ರವರಿಯಲ್ಲಿ, ಅದೂ ಬೇರೊಂದು ಕೆಲಸಕ್ಕೆ ಹೋದಾಗ. ಬಿಟಿಎಮ್ಮಿನ ಪೀಜಿ ಬಿಟ್ಟು ಒಂದು ಸಣ್ಣ ರೂಮು ಹಿಡಿಯೋಣ ಎಂದು ಕತ್ರಿಗುಪ್ಪೆಗೆ ಹೋಗಿದ್ದೆ. ಮನೆ ಓನರ್ ಅಲ್ಲಿಯ ಹಳೇ ಊರಿನವರು. ಈಗ ಮೂರು ಮಹಡಿ ಇರುವ ಜಾಗದಲ್ಲಿ ತಮ್ಮ ಅಪ್ಪನ ಕಾಲಕ್ಕೆ ರಾಗಿ ಬೆಳೆಯುತ್ತಿತ್ತು ಎಂದು ತೋರಿಸಿದರು. ಮಾತು ಚೆನ್ನಾಗಿಯೇ ನಡೆದಿತ್ತು.

"ಯಾರ್ಯಾರು ಇರ್ತೀರಮ್ಮ?"

"ನಾನೊಬ್ಬಾಕಿನ ರೀ ಅಂಕಲ್."

"ಒಬ್ರೇನಾ?" ಎಂದು ಅವರು ಕೀಲಿ ಗೊಂಚಲನ್ನು ಜೇಬಿಗೆ ಹಾಕಿಕೊಂಡರು. "ಫ್ಯಾಮಿಲಿ ಆದ್ರೆ ನೋಡ್ಬೋದಿತ್ತು. ಬೇಜಾರ್ ಮಾಡ್ಕೋಬೇಡಿ, ನಮ್ಮ ಮನೇವ್ರು ಒಪ್ಪಲ್ಲ. ಕಾಫಿ ಕುಡ್ಕೊಂಡು ಹೋಗಿ."

ಕಾಫಿ ಕುಡಿಯದೆ ಹೊರಟೆ. ಎರಡು ಕ್ರಾಸ್ ದಾಟಿದ ಮೇಲೆ ತರಕಾರಿ ಅಂಗಡಿಯ ಹಿಂದಿನ ಮನೆಯಿಂದ ಒಂದು ಸದ್ದು ಬಂತು. ಹಾಡಲ್ಲ, ರಾಗವೂ ಅಲ್ಲ. ಒಂದೇ ಸ್ವರ. ತುಂಬ ಜನ ಸೇರಿ ಒಂದನ್ನೇ ಉದ್ದಕ್ಕೆ ಎಳೆಯುತ್ತಿದ್ದರು. ಕಿಟಕಿಯಲ್ಲಿ ಮಕ್ಕಳ ತಲೆಗಳು ಕಂಡವು, ಎಲ್ಲರ ಕಮಾನೂ ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತಿತ್ತು. ಅದು ಮುಗಿಯುವ ತನಕ ಗೇಟಿನ ಹತ್ತಿರ ನಿಂತಿದ್ದೆ. ನನಗೆ ಪಿಟೀಲು ಬೇಕಿತ್ತೋ ಇಲ್ಲವೋ ಗೊತ್ತಿಲ್ಲ, ಆ ಸದ್ದಿನ ಒಳಗೆ ಕೂರಬೇಕಿತ್ತು. ಆದ್ದರಿಂದ ನವರಾತ್ರಿಯ ಸಾಲು ಎಂದರೆ ನನಗೆ ಉಸಲಿ ತಿಂದು ಕೇಳುವ ವಿಷಯವಾಗಿರಲಿಲ್ಲ.

ಮುಂದಿನ ವಾರವೇ ಸೇರಿಕೊಂಡೆ. ಮೊದಲ ದಿನ ಎರಡು ಜಡೆಯ ಹುಡುಗಿ ಕೇಳಿದಳು, "ಆಂಟಿ, ನೀವು ಯಾವ ಸ್ಟ್ಯಾಂಡರ್ಡು?"

"ಮುಗದೈತಿ ನಂದು."

"ಮತ್ತೆ ಯಾಕೆ ಕಲೀತಿದ್ದೀರಾ?"

ನಾನು ಅವಳ ಪಕ್ಕ ನೆಲದ ಮೇಲೆ ಜಾಗ ಮಾಡಿಕೊಂಡು ಕೂತೆ.

ಎಡಗೈಯ ಪಾಠ ಹೆಬ್ಬೆರಳಿನಿಂದ ಶುರುವಾಯಿತು, ಅದೂ ಹೆಬ್ಬೆರಳು ಏನೂ ಮಾಡಬಾರದು ಅನ್ನುವ ಪಾಠ. ನಾವು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುತ್ತೇವೆ. ಪಿಟೀಲಿನ ಒಂದು ತುದಿ ಎದೆಗೆ ಒರಗಿರುತ್ತದೆ, ಸುರುಳಿ ತಲೆ ಬಲಗಾಲಿನ ಹಿಮ್ಮಡಿಯ ಮೇಲೆ ನಿಂತಿರುತ್ತದೆ. ಅಂದರೆ ಅದನ್ನು ಕೈಯಲ್ಲಿ ಹಿಡಿಯುವ ಅಗತ್ಯವೇ ಇಲ್ಲ. ಆದರೂ ಹೊಸಬರೆಲ್ಲ ಬಸ್ಸಿನ ಕಂಬಿ ಹಿಡಿದ ಹಾಗೆ ಕುತ್ತಿಗೆಯನ್ನು ಹಿಡಿಯುತ್ತಾರೆ. ಟೀಚರ್ ನನ್ನ ಹಳೇ ಬಸ್ ಟಿಕೆಟ್ ಒಂದನ್ನು ಇಸಿದುಕೊಂಡು ಮಡಚಿ ಹೆಬ್ಬೆರಳಿಗೂ ಮರಕ್ಕೂ ನಡುವೆ ಸಿಕ್ಕಿಸಿದರು. "ನುಡಿಸ್ತಾ ಇರಿ. ನಾನು ಯಾವಾಗ್ಲಾದ್ರೂ ಎಳೀತೀನಿ. ಹರೀದಂಗೆ ಬರ್ಬೇಕು." ಎಳೆದರು. ಹರಿಯಿತು. ಮಾರ್ಚ್ ಮುಗಿಯುವ ತನಕ ನನ್ನ ಟಿಕೆಟ್‌ಗಳು ಹರಿಯುತ್ತಲೇ ಇದ್ದವು.

ಅದರ ಮೇಲೆ ಬೆರಳು. ತೋರುಬೆರಳು ರಿಗೆ, ನಡುಬೆರಳು ಗಕ್ಕೆ, ಉಂಗುರದ ಬೆರಳು ಮಕ್ಕೆ. ಮೊದಲು ಕಲಿಸುವ ರಾಗದಲ್ಲಿ ರಿಗೂ ಗಕ್ಕೂ ನಡುವೆ ದೊಡ್ಡ ಅಂತರ, ಗಕ್ಕೂ ಮಕ್ಕೂ ಒಂದು ಬೆರಳಿನ ದಪ್ಪದಷ್ಟೂ ಇಲ್ಲ. ನಡುಬೆರಳು ಚಾಚಬೇಕು, ಉಂಗುರದ ಬೆರಳು ಅದರ ಪಕ್ಕಕ್ಕೆ ಅಂಟಿಕೊಳ್ಳಬೇಕು. ಗಿಟಾರಿನ ಹಾಗೆ ಗೆರೆಗಳಿಲ್ಲ. ಕಪ್ಪು ನುಣುಪು ಹಲಗೆ, ಅದರ ಮೇಲೆ ಎಲ್ಲಿ ಬೇಕಾದರೂ ಬೆರಳು ಇಡಬಹುದು, ಅದೇ ಕಷ್ಟ. ಬೆರಳು ಬಿದ್ದರೆ ಸುತ್ತಿಗೆಯ ಹಾಗೆ ನೇರ ಬೀಳಬೇಕು, ಎದ್ದರೆ ಹತ್ತಿರದಲ್ಲೇ ಕಾಯುತ್ತಿರಬೇಕು, ಆಕಾಶಕ್ಕೆ ಹೋಗಬಾರದು.

ಕ್ಲಾಸು ಬುಧವಾರ ಮತ್ತು ಶನಿವಾರ. ಉಳಿದ ದಿನ ನಾನು ಅಭ್ಯಾಸ ಮಾಡಬೇಕಾಗಿದ್ದದ್ದು ಪೀಜಿಯಲ್ಲಿ. ರೂಮಿನಲ್ಲಿ ನನ್ನ ಜೊತೆಗಿದ್ದವಳು ಇಳಕಲ್ ಕಡೆಯ ಹುಡುಗಿ, ಒಂದು ಆಫೀಸಿನಲ್ಲಿ ರಾತ್ರಿ ಪಾಳಿ. ನಾನು ಕೆಲಸ ಮುಗಿಸಿ ಬರುವ ಹೊತ್ತಿಗೆ ಅವಳ ನಿದ್ದೆ ಇನ್ನೂ ಬಾಕಿ ಇರುತ್ತಿತ್ತು. ಅವಳು ಹೋದ ಮೇಲೆ ನುಡಿಸೋಣವೆಂದರೆ ಗೋಡೆಯಾಚೆ ಇನ್ನು ಮೂವರು. ಹಾಗಾಗಿ ಕಮಾನನ್ನು ಪೆಟ್ಟಿಗೆಯಲ್ಲೇ ಬಿಟ್ಟು ಬರೀ ಎಡಗೈ ಅಭ್ಯಾಸ ಮಾಡತೊಡಗಿದೆ. ಲೇಬಲ್ ಪಟ್ಟಿ ಅಂಟಿಸಿದ್ದು ಅದಕ್ಕೇ. ಸದ್ದೇ ಇಲ್ಲದಿದ್ದರೆ ಬೆರಳು ಸರಿ ಜಾಗದಲ್ಲಿ ಬಿತ್ತೋ ಇಲ್ಲವೋ ಗೊತ್ತಾಗುವುದು ಹೇಗೆ? ಪಟ್ಟಿಯ ಮೇಲೆ ಬಿದ್ದರೆ ಸರಿ, ಪಕ್ಕಕ್ಕೆ ಬಿದ್ದರೆ ತಪ್ಪು. ತಪ್ಪಿಗೆ ಡೈರಿಯಲ್ಲಿ ಒಂದು ಗೀಟು. ದಿನದಿಂದ ದಿನಕ್ಕೆ ಗೀಟುಗಳು ಕಡಿಮೆಯಾಗುತ್ತಿದ್ದವು. ನನಗೆ ಸಂತೋಷವಾಗುತ್ತಿತ್ತು.

ಒಂದು ಸಂಜೆ ಅವಳು ಹೊದಿಕೆಯೊಳಗಿಂದ ಒಂದು ಕಣ್ಣು ತೆರೆದು ಹೇಳಿದಳು, "ಏನ್ಲೇ ಅದು, ಕನಸಿನ್ಯಾಗ ಯಾರೋ ಮೊರದಾಗ ಕಾಳು ಹಸನ ಮಾಡಿದಂಗ ಕೇಳ್ತೈತಿ."

"ಎಬ್ಬಿಸಿದೆನ?"

"ಎಬ್ಬಿಸ್ಲಿಲ್ಲ ಬಿಡು. ಆದ್ರ ನಿನ್ನ ನೋಡಿದ್ರ ಸೌಂಡ್ ಬಂದ್ ಮಾಡಿ ಟೀವಿ ನೋಡಿದಂಗ ಆಗ್ತೈತಿ. ಇದು ಬಾರಸೂದ ಅಂತಾರೇನು?" ಎಂದು ಮಗ್ಗುಲು ಬದಲಿಸಿದಳು.

ಟೀಚರ್ ಪಟ್ಟಿ ಕಿತ್ತ ರಾತ್ರಿ ಅವಳ ಮಾತು ನೆನಪಾಯಿತು. ನಾಲ್ಕು ತಿಂಗಳು ನನ್ನ ಕೈ ಕಲಿತಿತ್ತು, ಕಿವಿ ಒಂದು ದಿನವೂ ಕ್ಲಾಸಿಗೆ ಬಂದಿರಲಿಲ್ಲ. ಗೀಟುಗಳ ಪುಟಗಳನ್ನು ತಿರುವಿ ನೋಡಿದೆ. ಎಷ್ಟು ಅಚ್ಚುಕಟ್ಟಾಗಿದ್ದವು. ಯಾವುದಕ್ಕೂ ಬೇಡವಾಗಿದ್ದವು.

ಮಾರನೇ ದಿನದಿಂದ ಸದ್ದು ಮಾಡಲು ಒಂದು ಜಾಗ ಹುಡುಕುವ ಕೆಲಸ ಹಿಡಿದೆ. ಊರಿನಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ನಗುತ್ತಿದ್ದೆ. ಇಷ್ಟು ಸದ್ದಿರುವ ಬೆಂಗಳೂರಿನಲ್ಲಿ ಒಂದು ಪಿಟೀಲಿನ ಸದ್ದಿಗೆ ಜಾಗವಿಲ್ಲವೇ. ಪೀಜಿಯ ಆಂಟಿಯನ್ನು ಟೆರೇಸು ಕೇಳಿದೆ. "ಒಂದಿನ ಆದ್ರೆ ಸರಿಯಮ್ಮ, ದಿನಾ ಅಂದ್ರೆ ಪಕ್ಕದ್ಮನೆಯೋರು ಬಂದು ನನ್ನ ತಲೆ ತಿಂತಾರೆ" ಎಂದರು. ಆ ಒಂದು ದಿನವನ್ನು ಬಳಸಿಕೊಂಡೆ. ಒಣಗಿದ ಬಟ್ಟೆ ತೆಗೆಯಲು ಬಂದ ಹುಡುಗಿಯರು ಒಬ್ಬೊಬ್ಬರಾಗಿ ನೋಡಿ ಹೋದರು, ಒಬ್ಬಳು ವೀಡಿಯೋ ಮಾಡಿದಳು.

ಆಮೇಲೆ ಜಯನಗರದ ಒಂದು ಪಾರ್ಕು. ಕೆಲಸ ಮುಗಿಸಿ ಸಂಜೆ ಹೋಗಿ, ಮೂಲೆಯ ಕಲ್ಲು ಬೆಂಚಿನ ಹಿಂದೆ ಹುಲ್ಲಿನ ಮೇಲೆ ಕೂತೆ. ವಾಕಿಂಗಿನ ಅಂಕಲ್ ಒಬ್ಬರು ಎರಡು ಸುತ್ತು ಸುಮ್ಮನೆ ದಾಟಿ, ಮೂರನೇ ಸುತ್ತಿಗೆ ನಿಂತರು. "ಸ್ವಲ್ಪ ಎಳೆದು ನುಡಿಸ್ಬೇಕಮ್ಮ. ನೀನು ಕುಯ್ತಾ ಇದ್ದೀಯ" ಎಂದು ಸಲಹೆ ಕೊಟ್ಟು ನಡೆದರು. ಅವರ ಹಿಂದೆಯೇ ಸೆಕ್ಯೂರಿಟಿಯವನು ಬಂದ.

"ಮೇಡಂ, ಇಲ್ಲಿ ಇದೆಲ್ಲಾ ನುಡಿಸಂಗಿಲ್ಲ. ಬೋರ್ಡ್ ನೋಡಿ."

ನೋಡಿದೆ. ನಾಯಿ ಇತ್ತು, ಸೈಕಲ್ಲಿತ್ತು, ಕ್ರಿಕೆಟ್ಟಿತ್ತು, ಹೂವು ಕೀಳುವುದಿತ್ತು. "ಪಿಟೀಲು ಇಲ್ಲಲ್ರಿ ಅಣ್ಣ."

"ಕೊನೇಲಿ ಇತ್ಯಾದಿ ಅಂತಿದೆ ನೋಡಿ ಮೇಡಂ. ಅದರಲ್ಲಿ ಬರುತ್ತೆ."

ಕೊನೆಗೆ ಸಿಕ್ಕಿದ್ದು ನಮ್ಮ ಲ್ಯಾಬೇ. ಭಾನುವಾರ ಮಧ್ಯಾಹ್ನದವರೆಗೆ ಮಾತ್ರ ಬಾಗಿಲು ತೆರೆದಿರುತ್ತದೆ, ಆ ಪಾಳಿ ನನ್ನದು, ಕೀಲಿಯೂ ನನ್ನ ಹತ್ತಿರ. ಹಿರಿಯ ಟೆಕ್ನಿಷಿಯನ್ ಒಬ್ಬರು ನಮಗೆಲ್ಲ ಮೇಲಿನವರು, ಅವರನ್ನು ಕೇಳಿದೆ.

"ಸಾರ್, ಭಾನುವಾರ ಬಂದ್ ಮಾಡಿದ್ಮ್ಯಾಲೆ ಒಳಗ ಕೂತು ಪಿಟೀಲು ಬಾರಿಸ್ಲೇನ್ರಿ?"

ಅವರು ಕನ್ನಡಕ ಏರಿಸಿ ನನ್ನನ್ನೊಮ್ಮೆ ನೋಡಿದರು. "ನುಡಿಸ್ಕೊ. ಫ್ರಿಜ್ಜಲ್ಲಿರೋ ಸ್ಯಾಂಪಲ್ ಹೆಪ್ಪುಗಟ್ಟದಂಗೆ ನೋಡ್ಕೊ, ಅಷ್ಟೇ."

ಜುಲೈ ಹದಿಮೂರು, ಭಾನುವಾರ. ಷಟರ್ ಅರ್ಧ ಇಳಿಸಿ, ಸ್ಯಾಂಪಲ್ ಕೋಣೆಯ ನೆಲದ ಮೇಲೆ ಹಾಳೆ ಹಾಸಿ ಕೂತೆ. ಕಮಾನು ಎಳೆದೆ. ಬೋಳು ಗೋಡೆ, ಟೈಲ್ಸ್ ನೆಲ. ಸದ್ದು ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿ ಬಂದು ನನಗೇ ತಾಗಿತು. ಹೆದರಿ ನಿಲ್ಲಿಸಿದೆ. ಯಾರಾದರೂ ಬಾಗಿಲು ಬಡಿಯುತ್ತಾರೆ ಎಂದು ಕಾದೆ. ಯಾರೂ ಬರಲಿಲ್ಲ. ಆಗ ಕೇಳಿಸಿತು, ಮೂಲೆಯಲ್ಲಿದ್ದ ಸ್ಯಾಂಪಲ್ ಫ್ರಿಜ್ ಗುಂಯ್ ಎನ್ನುತ್ತಿತ್ತು. ಅದರ ಸದ್ದು ನಮ್ಮ ಕ್ಲಾಸಿನ ಷಡ್ಜಕ್ಕೆ, ಅಂದರೆ ಸಕ್ಕೆ, ತೀರ ಹತ್ತಿರವಿತ್ತು. ಕೂದಲೆಳೆಯಷ್ಟು ಮೇಲೆ. ತಂತಿಯ ಬಿರಟೆಯನ್ನು ಚೂರು ತಿರುಗಿಸಿ ಫ್ರಿಜ್ಜಿಗೆ ಸೇರಿಸಿಕೊಂಡೆ. ಕ್ಲಾಸಿನಲ್ಲಿ ಶ್ರುತಿ ಪೆಟ್ಟಿಗೆ ಇರುವ ಹಾಗೆ ಇಲ್ಲಿ ಇದು. ಆದರೆ ಫ್ರಿಜ್ ತಣ್ಣಗಾದ ಮೇಲೆ ಒಂದು ನಡುಕ ಕೊಟ್ಟು ನಿಂತುಬಿಡುತ್ತಿತ್ತು. ಅದು ನಿಂತಾಗ ಕೋಣೆ ಎಷ್ಟು ಖಾಲಿಯೆಂದು ಗೊತ್ತಾಗುತ್ತಿತ್ತು. ನಾನೂ ನಿಲ್ಲಿಸಿ, ಅದು ಮತ್ತೆ ಶುರುವಾಗುವ ತನಕ ಬೆರಳುಗಳನ್ನು ನೋಡುತ್ತಾ ಕೂತಿರುತ್ತಿದ್ದೆ.

ಮೊದಲ ಭಾನುವಾರಗಳು ಚೆನ್ನಾಗಿರಲಿಲ್ಲ. ಮೂಕ ಅಭ್ಯಾಸದಲ್ಲಿ ನಾನು ಒಳ್ಳೆಯ ವಿದ್ಯಾರ್ಥಿನಿ. ಸದ್ದು ಬಂದ ಮೇಲೆ ತಿಳಿಯಿತು, ನನ್ನ ಗ ಅಳುಮೋರೆ ಹಾಕಿಕೊಂಡಿರುತ್ತದೆ, ಮ ಅವಸರದಲ್ಲಿರುತ್ತದೆ. ಕಣ್ಣು ಮುಚ್ಚಿ ನುಡಿಸಿದರೆ ಬೆರಳು ಹೋಗುತ್ತಿರಲಿಲ್ಲ, ತೆರೆದರೆ ಅಂಟು ಉಜ್ಜಿದ ಜಾಗದ ಮಾಸಲು ಗುರುತನ್ನೇ ಹುಡುಕುತ್ತಿತ್ತು. ಆದ್ದರಿಂದ ಮುಚ್ಚಿಯೇ ಕೂತೆ.

ಇನ್ನೊಂದು ತೊಂದರೆ ಬೆವರು. ಬೆರಳು ತಂತಿಯ ಮೇಲೆ ಜಾರಬೇಕಾದ ಕಡೆ ಅಂಟಿಕೊಳ್ಳುತ್ತಿತ್ತು. ಟೀಚರ್ ನುಡಿಸುವ ಮುಂಚೆ ಎಡಗೈಯ ಬೆರಳುಗಳನ್ನು ಬೈತಲೆಯ ಪಕ್ಕದ ಕೂದಲಲ್ಲಿ ಒಮ್ಮೆ ಆಡಿಸಿಕೊಳ್ಳುವುದನ್ನು ನೋಡಿದ್ದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ಪಸೆ ಬೆರಳಿಗೆ ಸಾಕು. ನಾನು ಕೆಲಸದ ದಿನ ತಲೆಗೆ ಎಣ್ಣೆ ಹಚ್ಚುವುದಿಲ್ಲ. ಹಾಗಾಗಿ ಸಣ್ಣ ಸೀಸೆಯಲ್ಲಿ ಎಣ್ಣೆ ತಂದು, ಮೂರೂ ಬೆರಳಿಗೆ ದೀಪಕ್ಕೆ ಬತ್ತಿ ಅದ್ದುವ ಹಾಗೆ ಅದ್ದಿದೆ. ಅದೇ ಕೈಯಲ್ಲಿ ಕಮಾನಿನ ಕೂದಲು ಹಿಡಿದು ಬಿಗಿ ಸರಿಯಿದೆಯೇ ನೋಡಿದೆ. ಆಮೇಲೆ ಕಮಾನು ಎಳೆದರೆ ಸದ್ದೇ ಇಲ್ಲ. ಗಾಜಿನ ಮೇಲೆ ಬಟ್ಟೆ ಎಳೆದ ಹಾಗೆ ಸುಮ್ಮನೆ ಜಾರಿ ಹೋಯಿತು. ಎಷ್ಟು ಅಲೆದು ಸದ್ದಿಗೆ ಜಾಗ ಮಾಡಿಕೊಂಡಿದ್ದೆ. ಈಗ ಜಾಗವಿತ್ತು, ಸದ್ದು ಹೋಗಿತ್ತು.

ಲ್ಯಾಬಿನವಳಿಗೆ ಗೊತ್ತಿರುವ ಔಷಧ ಒಂದೇ. ಸೂಜಿ ಚುಚ್ಚುವ ಮುಂಚೆ ತೋಳು ಒರೆಸುವ ಸ್ಪಿರಿಟ್ ಹತ್ತಿಯಿಂದ ಕಮಾನಿನ ಕೂದಲನ್ನು ಎಳೆ ಎಳೆಯಾಗಿ ಒರೆಸಿದೆ, ಒಣಗಿಸಿದೆ, ತಂತಿಯ ಮೇಲೆ ಹಿಡಿತ ಕೊಡುವ ರಾಳವನ್ನು ಮತ್ತೆ ಉಜ್ಜಿದೆ. ಸಂಜೆಯ ಹೊತ್ತಿಗೆ ಸದ್ದು ಬಂತು. ಬುಧವಾರ ಕ್ಲಾಸಿನಲ್ಲಿ ಟೀಚರ್ ಪಕ್ಕ ಬಂದು ಮೂಗರಳಿಸಿದರು.

"ಏನಿದು, ಇಂಜೆಕ್ಷನ್ ವಾಸನೆ?"

ಹೇಳಿದೆ. ಅವರು ಬಹಳ ಹೊತ್ತು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಮಕ್ಕಳಿಗೆ ಅರ್ಥವಾಗದೆ ಅವರೂ ನಕ್ಕರು. "ಒಂದು ತೊಟ್ಟು ಸಾಕು ಎಣ್ಣೆ. ಇನ್ಮೇಲೆ ಕಮಾನಿನ ಕೂದಲು ಮುಟ್ಟಬೇಡಿ," ಎಂದು ತಮ್ಮ ಬೆರಳನ್ನು ನನ್ನ ಬೆರಳ ತುದಿಗೆ ಒತ್ತಿ ತೋರಿಸಿದರು. ಅಷ್ಟೇ ಪಸೆ. ಅವತ್ತು ಡೈರಿಯ ಮೂಲೆಯಲ್ಲಿ ಬರೆದ ಸಂಖ್ಯೆ ದೊಡ್ಡದಿತ್ತು. ಮಕ್ಕಳನ್ನೂ ಸೇರಿಸಿದ್ದೆ.

ಆಗಸ್ಟ್ ಹತ್ತು, ಭಾನುವಾರ ಇನ್ನೊಂದು ವಿಷಯ ಆಯಿತು. ಫ್ರಿಜ್ ಗುಂಯ್‌ಗುಡುತ್ತಿತ್ತು. ಪ ದ ನಿ ಸ ಹತ್ತುತ್ತಿದ್ದೆ, ಅದು ಮೊದಲ ತಂತಿಯ ಮೇಲೆ. ಮೇಲಿನ ಸಕ್ಕೆ ಉಂಗುರದ ಬೆರಳು ಬಿತ್ತು. ಆ ಸಲ ಸದ್ದು ಬೇರೆಯಾಗಿತ್ತು. ದಪ್ಪವಾಗಿತ್ತು, ಯಾರೋ ಜೊತೆಗೆ ದನಿ ಸೇರಿಸಿದ ಹಾಗೆ. ಕಣ್ಣು ತೆರೆದೆ. ಪಕ್ಕದ ಎರಡನೇ ತಂತಿ, ಕೆಳಗಿನ ಸ ಇರುವ ತಂತಿ, ಮಸುಕಾಗಿ ಕಾಣುತ್ತಿತ್ತು. ಅದನ್ನು ಬೆರಳೂ ಮುಟ್ಟಿರಲಿಲ್ಲ, ಕಮಾನೂ ಮುಟ್ಟಿರಲಿಲ್ಲ. ಅದು ತನ್ನಷ್ಟಕ್ಕೆ ನಡುಗುತ್ತಿತ್ತು. ಬೆರಳನ್ನು ಚೂರು ಸರಿಸಿದೆ. ತಂತಿ ಸುಮ್ಮನಾಯಿತು. ವಾಪಸ್ ತಂದೆ. ಮತ್ತೆ ನಡುಗಿತು.

ಮೇಲಿನ ಸ ಸರಿಯಾಗಿ ಸ ಆದರೆ ಮಾತ್ರ ಕೆಳಗಿನ ಸ ಓಗೊಡುತ್ತದೆ. ಸ್ವಲ್ಪ ಆಚೀಚೆಯಾದರೂ ಇಲ್ಲ. ಪಟ್ಟಿ ಬೇಡ, ಸ್ಕೇಲ್ ಬೇಡ. ಪಿಟೀಲು ತಾನೇ ಹೌದು ಎನ್ನುತ್ತದೆ, ಇಲ್ಲವಾದರೆ ಸುಮ್ಮನಿರುತ್ತದೆ. ಅವತ್ತು ಅದೊಂದನ್ನೇ ನುಡಿಸಿದೆ. ತಪ್ಪಿಗೆ ಗೀಟು ಹಾಕುವುದನ್ನು ಬಿಟ್ಟು, ಆ ತಂತಿ ನಡುಗಿದಾಗಲೆಲ್ಲ ಒಂದು ಗೀಟು ಹಾಕಿದೆ. ಸಂಜೆ ಷಟರ್ ಎಳೆದು ಬೀಗ ಹಾಕುವಾಗ ಯೋಚನೆ ಬಂತು, ಇದನ್ನು ಯಾರಿಗಾದರೂ ಹೇಳಬೇಕು. ಎಳನೀರಿನವನ ಮುಂದೆ ನಿಂತೆ. ಎಳನೀರು ಕುಡಿದೆ. ಹೇಳಲಿಲ್ಲ. ಮೂಲೆಯಲ್ಲಿ ಸೊನ್ನೆ ಬರೆದೆ.

ಆಮೇಲಿನ ಭಾನುವಾರಗಳು ಹಾಗೇ ಹೋದವು. ಸ ಗೊತ್ತಾದ ಮೇಲೆ ಅಲ್ಲಿಂದ ಇಳಿದು ನಿ ಹುಡುಕುವುದು, ನಿಯಿಂದ ದ. ಜಂಟಿ ವರಸೆಯಲ್ಲಿ ಪ್ರತಿ ಸ್ವರ ಎರಡು ಸಲ ಬರುತ್ತದೆ, ಸಸ ರಿರಿ ಗಗ ಮಮ. ಎರಡನೆಯದಕ್ಕೆ ಕೆಳಗಿನ ಸ್ವರದಿಂದ ಬೆರಳು ಒಮ್ಮೆ ತಟ್ಟಬೇಕು, ಅದರಿಂದ ಸ್ವರಕ್ಕೆ ಒತ್ತು ಬರುತ್ತದೆ. ತಟ್ಟುವಾಗ ಹೆಬ್ಬೆರಳು ಮತ್ತೆ ಬಿಗಿಯುತ್ತಿತ್ತು. ಟಿಕೆಟ್ ಸಿಕ್ಕಿಸಿ ನಾನೇ ಎಳೆದು ನೋಡಲು ಹೋದೆ. ನುಡಿಸುತ್ತಾ ನುಡಿಸುತ್ತಾ ಎಳೆಯಲು ಇನ್ನೊಂದು ಕೈ ಇಲ್ಲವಲ್ಲ, ಹಲ್ಲಿನಿಂದ ಎಳೆಯಲು ಬಗ್ಗಿದಾಗ ಸುರುಳಿ ತಲೆ ಹಿಮ್ಮಡಿಯಿಂದ ಜಾರಿತು. ಒಬ್ಬರೇ ಮಾಡಲಾಗದ ಕೆಲಸಗಳಿವೆ. ಟಿಕೆಟ್ ಎಳೆಯುವುದು ಅದರಲ್ಲೊಂದು.

ಸೆಪ್ಟೆಂಬರ್ ಇಪ್ಪತ್ತು, ಶನಿವಾರ ಟೀಚರ್ ಕೇಳಿದರು. ಉಳಿದವರನ್ನು ಹೊರಗಿನ ಜಗಲಿಗೆ ಕಳಿಸಿ, ಟಿಕೆಟ್ ಸಿಕ್ಕಿಸಿ, ಎದುರು ಕೂತು ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ಜಂಟಿ ವರಸೆ ಶುರು ಮಾಡಿದೆ. ಎರಡನೆಯ ವರಸೆಯ ನಡುವೆ ಎಲ್ಲೋ ಹೆಬ್ಬೆರಳ ಹತ್ತಿರ ಏನೋ ಸರಿದ ಹಾಗಾಯಿತು. ಮುಗಿಸಿ ಕಣ್ಣು ತೆರೆದರೆ ಟಿಕೆಟ್ ಅವರ ಕೈಯಲ್ಲಿತ್ತು, ಹರಿದಿರಲಿಲ್ಲ.

"ಗ ಕೆಳಗೆ," ಎಂದರು. "ಮ ಪರ್ವಾಗಿಲ್ಲ. ಮೇಲಿನ ಸ ಯಾರು ಹೇಳಿಕೊಟ್ರು?"

"ಯಾರೂ ಇಲ್ರಿ. ಆ ಇನ್ನೊಂದು ತಂತಿ..." ಎಂದು ತೋರಿಸಿದೆ.

ಅವರು ತಲೆಯಾಡಿಸಿದರು. ಅವರಿಗೆ ಗೊತ್ತೇ ಇತ್ತು, ಗೊತ್ತಿರದೆ ಏನು. "ಮೂಲೇಲಿ ಕೂರಿ. ಗೋಡೆ ಪಕ್ಕ. ನಿಮ್ಮ ಎತ್ತರಕ್ಕೆ ಹಿಂದಿನ ಮಕ್ಕಳು ಕಾಣಲ್ಲ."

ಒಂದು ವಾರ ಕಳೆದು ಶನಿವಾರ ಸಂಜೆ, ಇರುವುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದೆ. ಟೀಚರ್ ಮನೆಯ ಹಾಲಿನಲ್ಲಿ ಏಳು ಮೆಟ್ಟಿಲಿನ ಗೊಂಬೆ. ಪಟ್ಟದ ಗೊಂಬೆಗಳು ಮೇಲೆ, ಕೆಳಗೆ ಮಕ್ಕಳು ತಂದಿಟ್ಟ ಪ್ಲಾಸ್ಟಿಕ್ ಕಾರುಗಳು. ಹಿಂದೆ ಕುರ್ಚಿಗಳಲ್ಲಿ ಅಪ್ಪ ಅಮ್ಮಂದಿರು, ಅಜ್ಜ ಅಜ್ಜಿಯರು, ಎಲ್ಲರ ಕೈಯಲ್ಲೂ ಫೋನು. ಪೆಟ್ಟಿಗೆ ಬಿಚ್ಚುತ್ತಿದ್ದಾಗ ಪಕ್ಕದ ಕುರ್ಚಿಯ ಹೆಂಗಸು ಬಗ್ಗಿ ಕೇಳಿದರು.

"ಯಾವುದು ನಿಮ್ಮ ಮಗು?"

"ನಾನ ರೀ," ಎಂದೆ.

ಅವರು "ಒಳ್ಳೇದು ಒಳ್ಳೇದು," ಎಂದು ಫೋನನ್ನು ತಮ್ಮ ಮಗುವಿನ ಕಡೆ ತಿರುಗಿಸಿದರು. ಅಷ್ಟು ಫೋನುಗಳಲ್ಲಿ ಯಾವುದೂ ನನ್ನ ಕಡೆ ಇರಲಿಲ್ಲ. ಅದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಒಮ್ಮೆ ತಿರುಗಿ ನೋಡಿದೆ.

ಟೀಚರ್ ಒಬ್ಬೊಬ್ಬರ ಪಿಟೀಲನ್ನೂ ಶ್ರುತಿ ಮಾಡಿ ಕೊಟ್ಟರು. ನಾನು ಗೋಡೆ ಪಕ್ಕ ಕೂತೆ, ನನ್ನ ಇನ್ನೊಂದು ಪಕ್ಕಕ್ಕೆ ಎರಡು ಜಡೆಯ ಹುಡುಗಿ. ಅವಳು ನನ್ನ ಸೀರೆ ನೋಡಿ, "ಆಂಟಿ, ಇದ್ರಲ್ಲಿ ಕಾಲು ಮಡಚೋಕಾಗುತ್ತಾ?" ಎಂದಳು. "ಆಗ್ತೈತಿ," ಎಂದೆ. ತಾಳ ಬಿತ್ತು. ಶುರುವಾಯಿತು.

ಅಷ್ಟೂ ದಿನ ನಾನು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ವಿಷಯ ಆಗ ಎದುರಾಯಿತು. ನನಗೆ ನನ್ನ ಪಿಟೀಲು ಕೇಳಿಸುತ್ತಿರಲಿಲ್ಲ. ಸುತ್ತ ಎಲ್ಲ ಪಿಟೀಲುಗಳೂ ಒಟ್ಟಿಗೆ ನುಡಿಯುತ್ತಿದ್ದವು, ಅದರಲ್ಲಿ ನನ್ನದು ಯಾವುದು? ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ, ಫ್ರಿಜ್ ಇತ್ತು, ಪ್ರತಿ ಸ್ವರವೂ ಗೋಡೆಗೆ ಬಡಿದು ನನ್ನ ಹತ್ತಿರವೇ ಬರುತ್ತಿತ್ತು. ಇಲ್ಲಿ ರಿಗೆ ಬೆರಳಿಟ್ಟೆ, ಏನೂ ತಿಳಿಯಲಿಲ್ಲ. ಗಕ್ಕೆ ಇಟ್ಟೆ, ಅದು ಸರಿಯೋ ಕೆಳಗೋ ಗೊತ್ತಿಲ್ಲ. ಕಣ್ಣು ತಾನಾಗಿ ಹಲಗೆಯ ಮೇಲಿನ ಆ ಮಾಸಲು ಗುರುತಿಗೆ ಹೋಯಿತು. ಹೆಬ್ಬೆರಳು ಕುತ್ತಿಗೆಯನ್ನು ಬಿಗಿಯಾಗಿ ಹಿಡಿಯಿತು. ಯಾರೂ ಟಿಕೆಟ್ ಎಳೆಯುವವರಿರಲಿಲ್ಲ. ತಪ್ಪು ಸ್ವರ ಹಾಕುವುದಕ್ಕಿಂತ ಸುಮ್ಮನಿರುವುದು ವಾಸಿ ಅನ್ನಿಸಿ ಕಮಾನನ್ನು ತಂತಿಯಿಂದ ಮೇಲಕ್ಕೆತ್ತಿದೆ. ಸಾಲಿನಲ್ಲಿ ಕೂತಿದ್ದೆ, ನುಡಿಸುತ್ತಿರಲಿಲ್ಲ. ಯಾರಿಗೂ ಗೊತ್ತಾಗಿರಲಿಕ್ಕಿಲ್ಲ.

ಮಕ್ಕಳು ಹತ್ತುತ್ತಾ ಹೋದರು. ಪಪ ದದ ನಿನಿ. ಮೇಲಿನ ಸ ತಲುಪಿದರು, ಎಲ್ಲರೂ ಒಟ್ಟಿಗೆ. ಆಗ ನನ್ನ ಎದೆಗೆ ಏನೋ ತಾಗಿತು. ಪಿಟೀಲಿನ ಮರ ಎದೆಗೆ ಒರಗಿತ್ತಲ್ಲ, ಅದು ಒಳಗಿನಿಂದ ಗುಂಯ್ ಎನ್ನುತ್ತಿತ್ತು. ಬಗ್ಗಿ ನೋಡಿದೆ. ನನ್ನ ಎರಡನೇ ತಂತಿ ಸಣ್ಣಗೆ ನಡುಗುತ್ತಿತ್ತು. ನನ್ನ ಕಮಾನು ಗಾಳಿಯಲ್ಲಿತ್ತು.

ಎಷ್ಟು ಹೊತ್ತು ಹಾಗೆ ನೋಡಿದೆನೋ, ಎಣಿಸಲಿಲ್ಲ. ಅವರು ಮೇಲಿನ ಸದಿಂದ ಇಳಿಯುವ ಮುಂಚೆ ಕಮಾನನ್ನು ಕೆಳಗಿಟ್ಟೆ. ಉಂಗುರದ ಬೆರಳು ಬಿತ್ತು. ಎದೆಗೆ ಒರಗಿದ್ದ ಮರದ ನಡುಕ ಇನ್ನಷ್ಟು ಜೋರಾಗಿ, 'ಹೌದು' ಎನ್ನುವ ಹಾಗೆ ಬಂತು. ಕಿವಿಗೆ ಕೇಳದಿದ್ದದ್ದು ಎದೆಯ ಮೂಳೆಗೆ ತಿಳಿಯುತ್ತಿತ್ತು. ಅಲ್ಲಿಂದ ಅವರ ಜೊತೆ ಇಳಿದೆ. ಎಲ್ಲ ಸ್ವರಕ್ಕೂ ಹಾಗೆ ತಿಳಿಯಿತು ಎಂದರೆ ಸುಳ್ಳಾಗುತ್ತದೆ. ಗೀತೆಯಲ್ಲಿ ಎರಡು ಕಡೆ ತಪ್ಪಿದೆ, ಒಂದು ಕಡೆ ಎರಡು ಜಡೆಯವಳು ಮೊಣಕೈಯಿಂದ ತಿವಿದಳು. ಆದರೆ ಮತ್ತೆ ಕಮಾನು ಎತ್ತಲಿಲ್ಲ.

ಮುಗಿದ ಮೇಲೆ ಮಕ್ಕಳು ಉಸಲಿಗೆ ಓಡಿದರು. ಎಲೆ ದೊನ್ನೆಯಲ್ಲಿ ಕಡಲೆಕಾಳು ಉಸಲಿ, ಮೇಲೆ ತೆಂಗಿನ ತುರಿ. ಟೀಚರ್ ನನಗೂ ಒಂದು ದೊನ್ನೆ ತಂದು ಕೊಟ್ಟು, ಅರಿಶಿನ ಕುಂಕುಮಕ್ಕೆ ಕರೆದರು. ಹಣೆಗೆ ಕುಂಕುಮ ಇಡುತ್ತಾ ಮೆಲ್ಲಗೆ ಹೇಳಿದರು, "ನಡುವೆ ನಿಲ್ಲಿಸ್ಬಿಟ್ಟೆ. ನೋಡ್ದೆ ನಾನು. ಗ ಇನ್ನೂ ಕೆಳಗೇ ಇದೆ ಕಣೇ. ಬುಧವಾರ ಒಂದರ್ಧ ಗಂಟೆ ಮುಂಚೆ ಬಾ."

ಮಾರನೇ ದಿನ ಭಾನುವಾರ. ಮಧ್ಯಾಹ್ನ ಕೊನೆಯ ಟ್ಯೂಬಿಗೆ ಲೇಬಲ್ ಅಂಟಿಸಿ ಷಟರ್ ಅರ್ಧ ಇಳಿಸಿದೆ. ಹಾಳೆ ಹಾಸಿ ಕೂತು, ಎಣ್ಣೆಯ ಪಸೆ ಬೆರಳಿಗೆ ಸವರಿ, ಗ ಹಿಡಿದೆ. ನಡುಬೆರಳನ್ನು ಚೂರು ಚೂರೇ ಮೇಲಕ್ಕೆ ಸರಿಸುತ್ತಿದ್ದೆ, ಅದು ಮತ್ತೆ ಮತ್ತೆ ಕೆಳಗೆ ಜಾರುತ್ತಿತ್ತು. ಮೂಲೆಯಲ್ಲಿ ಫ್ರಿಜ್ ನಡುಗಿ ನಿಂತಿತು. ಕೋಣೆ ಎಂದಿನ ಹಾಗೆ ಖಾಲಿಯಾಯಿತು. ಈ ಸಲ ನಿಲ್ಲಿಸಲಿಲ್ಲ, ಗವನ್ನು ಎಳೆಯುತ್ತಲೇ ಇದ್ದೆ.

ಅವತ್ತಿನ ಪುಟದ ಮೂಲೆಯಲ್ಲಿ ಸೊನ್ನೆಯೇ ಇದೆ. ಅದರ ಕೆಳಗೆ, ಬುಧವಾರ, ಅರ್ಧ ಗಂಟೆ ಮುಂಚೆ, ಎಂದು ಬರೆದಿದ್ದೇನೆ.